ಲೈಪೊಸೋಮ್ ಮತ್ತು ಉಣ್ಣೆಯ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಉಣ್ಣೆಗೆ ಬಣ್ಣ ಹಾಕುವಾಗ ಲೈಪೊಸೋಮ್‌ಗಳನ್ನು ಬಳಸುವ ವಿಧಾನದ ಬಗ್ಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಲಾಗಿದೆ.

ಪ್ರಶ್ನೆ: ಲೈಪೊಸೋಮ್ ಎಂಬುದನ್ನು ಔಷಧದ ಸಂದರ್ಭದಲ್ಲಿ ಮಾತ್ರ ಕೇಳಿದ್ದೆ. ಅದು ಬಣ್ಣವನ್ನು ಹೊತ್ತು ಉಣ್ಣೆಯ ಎಳೆಯೊಳಕ್ಕೆ ಸಾಗಿಸುತ್ತದೆ ಎಂದು ಈಚೆಗೆ ಓದಿದೆ. ಇದು ನಡೆಯುವ ಬಗೆ ಹೇಗೆ?
— ಜವಳಿ ತಂತ್ರಜ್ಞಾನದ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರದ ಕಾಯಿಲೆ ಹರಡಿದಾಗ, ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಎಂಬ ಚುಚ್ಚುಮದ್ದು ಸಿಗದೆ ಜನ ಪರದಾಡಿದ್ದು ನಿಮಗೆ ನೆನಪಿರಬಹುದು. ಆ ಮದ್ದಿನಲ್ಲಿದ್ದ ಲೈಪೊಸೋಮ್ ಮತ್ತು ಬಣ್ಣದ ಹಂಡೆಗೆ ಹಾಕುವ ಲೈಪೊಸೋಮ್ ಒಂದೇ ಜಾತಿಯವು. ಎರಡರಲ್ಲೂ ಇರುವುದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು. ಈ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ. ಇನ್ನೊಂದು ತುದಿಯಲ್ಲಿರುವ ಎರಡು ಬಾಲಗಳು ನೀರಿನಿಂದ ದೂರ ಸರಿಯುತ್ತವೆ. ಹೀಗಾಗಿ ನೀರಿಗೆ ಬಿದ್ದೊಡನೆ ಈ ಅಣುಗಳು ಬಾಲಕ್ಕೆ ಬಾಲ ಸೇರಿಸಿ ಎರಡು ಪದರದ ಹಾಳೆಯಾಗಿ ನಿಲ್ಲುತ್ತವೆ, ಆ ಹಾಳೆ ಅಂಚುಗಳನ್ನು ಕೂಡಿಸಿಕೊಂಡು ಒಳಗೆ ನೀರು ತುಂಬಿದ ಗುಳ್ಳೆಯಾಗುತ್ತದೆ. ಗುಳ್ಳೆಯ ಗೋಡೆಯ ದಪ್ಪ 4ರಿಂದ 5 ನ್ಯಾನೋಮೀಟರ್ ಮಾತ್ರ. ಇಡೀ ಗುಳ್ಳೆಯ ಗಾತ್ರ ಕೆಲವು ಹತ್ತು ನ್ಯಾನೋಮೀಟರ್‌ಗಳಿಂದ ಹಿಡಿದು ಕೆಲವು ಮೈಕ್ರೋಮೀಟರ್‌ಗಳವರೆಗೂ ಇರಬಹುದು. ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಮತ್ತು ಸಂಗಡಿಗರು ಇವನ್ನು 1960ರ ದಶಕದಲ್ಲಿ ಗುರುತಿಸಿ ವಿವರಿಸಿದರು. ಉಣ್ಣೆಯ ಬಣ್ಣಗಾರಿಕೆಯಲ್ಲಿ ಇವುಗಳ ಉಪಯೋಗವನ್ನು 1990ರ ದಶಕದಲ್ಲಿ ಬೆನ್ನು ಹತ್ತಿ ಅಧ್ಯಯನ ಮಾಡಿದವರಲ್ಲಿ ಸ್ಪೇನ್‌ನ ಬಾರ್ಸಿಲೋನಾದ ವಿಜ್ಞಾನಿಗಳು ಮುಖ್ಯರು.

ಉಣ್ಣೆಯ ಎಳೆಯ ರಚನೆ ತಿಳಿಯದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಎಳೆಯ ಹೊರಮೈಯಲ್ಲಿ ಒಂದರ ಅಂಚನ್ನು ಇನ್ನೊಂದು ಮುಚ್ಚಿರುವ ಚಪ್ಪಟೆ ಪೊರೆಗಳಿವೆ. ಅವುಗಳ ಮೇಲೆ ರಾಸಾಯನಿಕವಾಗಿ ಬಂಧಿಸಿಕೊಂಡ ಕೊಬ್ಬಿನಾಮ್ಲದ ತೆಳು ಲೇಪವಿರುವುದರಿಂದಲೇ ಸಂಸ್ಕರಿಸದ ಉಣ್ಣೆ ನೀರನ್ನು ಬೇಗ ಹೀರುವುದಿಲ್ಲ. ಒಳಗೆ ಕೆರಾಟಿನ್ ಪ್ರೋಟೀನು ತುಂಬಿದ ಉದ್ದನೆಯ ಕೋಶಗಳು ಒತ್ತೊತ್ತಾಗಿವೆ. ಶಹಾಬಾದಿ ಕಲ್ಲಿನ ಗೋಡೆಯಲ್ಲಿ ಕಲ್ಲುಗಳ ನಡುವೆ ಗಾರೆ ಇರುವ ಹಾಗೆ ಈ ಕೋಶಗಳ ನಡುವೆ ಒಂದು ಸಂದುಪದರವಿದೆ. ಉಣ್ಣೆಯ ಸ್ವಂತ ಕೊಬ್ಬು, ಅಂದರೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು, ಇರುವುದು ಹೆಚ್ಚಾಗಿ ಆ ಸಂದಿನಲ್ಲೇ. ಎಳೆಯ ತೂಕದಲ್ಲಿ ಈ ಒಳಕೊಬ್ಬಿನ ಪಾಲು ಶೇಕಡಾ ಒಂದೂವರೆಯ ಆಸುಪಾಸು ಮಾತ್ರವಾದರೂ, ಬಣ್ಣದ ಅಣುಗಳು ಎಳೆಯ ಒಳಕ್ಕೆ ನುಸುಳುವ ಮುಖ್ಯ ದಾರಿ ಅದೇ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಗುಳ್ಳೆಯು ಬಣ್ಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಡಿಯಾಗಿ ಎಳೆಯೊಳಗೆ ನಡೆದುಹೋಗುತ್ತದೆ ಎಂದು ತಿಳಿಯುವುದು ಬೇಡ. ಆ ಸಂದಿಗೆ ಅದರ ಗಾತ್ರ ಹಿಡಿಸುವುದಿಲ್ಲ. ನಡೆಯುವುದು ಎರಡು ಕೆಲಸ. ಹಂಡೆಯ ನೀರಿನಲ್ಲಿ ಗುಳ್ಳೆಗಳು ಬಣ್ಣದ ಒಂದು ಪಾಲನ್ನು ತಮ್ಮ ಗೋಡೆಗೆ ಅಂಟಿಸಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತವೆ, ಇದರಿಂದ ಮೊದಲ ಹತ್ತು ನಿಮಿಷದಲ್ಲೇ ಬಣ್ಣವೆಲ್ಲ ಲಡಿಯ ಹೊರಸುತ್ತಿಗೆ ಮುಗಿಬೀಳುವುದು ತಪ್ಪುತ್ತದೆ. ಉಣ್ಣೆಯ ಮೈಯಲ್ಲಿ ಗುಳ್ಳೆಗಳು ಒಡೆದು, ಅವುಗಳ ಫಾಸ್ಫೋಲಿಪಿಡ್ ಅಣುಗಳು ಸಂದುಪದರದ ಕೊಬ್ಬಿನೊಂದಿಗೆ ಬೆರೆತು ಅದನ್ನು ಸಡಿಲಗೊಳಿಸುತ್ತವೆ. ಬಣ್ಣಕ್ಕೆ ಕಡಿಮೆ ಬಿಸಿಯಲ್ಲೇ ದಾರಿಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಕೆಲಸವೇ ಹೆಚ್ಚು ಮಹತ್ವದ್ದು.

ಪ್ರಶ್ನೆ: ಉಣ್ಣೆಯನ್ನು ಕುದಿಸಿ ಬಣ್ಣ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಅದನ್ನು ಬಿಟ್ಟು 85 ಡಿಗ್ರಿಗೆ ಇಳಿಯುವುದರಿಂದ ಆಗುವ ಲಾಭವೇನು? ಇಂಧನ ಎಷ್ಟು ಉಳಿಯುತ್ತದೆ?
— ಸಣ್ಣ ಬಣ್ಣದ ಘಟಕದ ಮಾಲೀಕರು, ಆಳಂದ

ಉತ್ತರ: ಇಂಧನದ ಲೆಕ್ಕವನ್ನು ಮೊದಲು ನೋಡೋಣ. 10 ಕಿಲೋ ಉಣ್ಣೆಗೆ ಇಪ್ಪತ್ತು ಪಟ್ಟು ನೀರು ಎಂದರೆ 200 ಲೀಟರ್. ನೀರು 30 ಡಿಗ್ರಿಯಲ್ಲಿದ್ದರೆ ಅದನ್ನು 98 ಡಿಗ್ರಿಗೆ ಏರಿಸಲು 13,600 ಕಿಲೋಕ್ಯಾಲರಿ ಶಾಖ ಬೇಕು, 85 ಡಿಗ್ರಿಗೆ ನಿಲ್ಲಿಸಿದರೆ 11,000 ಸಾಕು. ಉಳಿತಾಯ ಸುಮಾರು ಐದರಲ್ಲಿ ಒಂದು ಪಾಲು. ತೆರೆದ ಹಂಡೆಯಲ್ಲಿ ನಿಜವಾದ ಉಳಿತಾಯ ಇದಕ್ಕಿಂತ ಹೆಚ್ಚು. ಏಕೆಂದರೆ ಒಂದು ಗಂಟೆ ಕುದಿಸುವಾಗ ಆವಿಯಾಗಿ ಹೋಗುವ ಪ್ರತಿ ಲೀಟರ್ ನೀರೂ 540 ಕಿಲೋಕ್ಯಾಲರಿಯನ್ನು ತನ್ನೊಂದಿಗೆ ಒಯ್ಯುತ್ತದೆ. ಹಂಡೆಗೆ ಮುಚ್ಚಳವಿಲ್ಲದ ಘಟಕದವರು ಲೈಪೊಸೋಮ್ ಕೊಳ್ಳುವ ಮುನ್ನ ಮುಚ್ಚಳ ಮಾಡಿಸುವುದು ಲೇಸು.

ಆದರೆ ಇಂಧನಕ್ಕಿಂತ ಉಣ್ಣೆಯ ಲಾಭ ದೊಡ್ಡದು. ಕೆರಾಟಿನ್ ಸರಪಳಿಗಳನ್ನು ಅಡ್ಡಡ್ಡವಾಗಿ ಹಿಡಿದಿಟ್ಟಿರುವುದು ಗಂಧಕದ ಬಂಧಗಳು. ಆಮ್ಲದ ಕುದಿನೀರಿನಲ್ಲಿ ಗಂಟೆಗಟ್ಟಲೆ ಬೆಂದಾಗ ಪ್ರೋಟೀನಿನ ಸರಪಳಿಗಳು ಅಲ್ಲಲ್ಲಿ ತುಂಡಾಗುತ್ತವೆ, ಗಂಧಕದ ಬಂಧಗಳೂ ಬದಲಾಗುತ್ತವೆ. ಎಳೆ ಹಳದಿಗಟ್ಟುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ಮಗ್ಗಕ್ಕೆ ಏರಿಸಿದಾಗ ಕಡಿಯುತ್ತದೆ. ಲಡಿಗಳು ಕುದಿತದಲ್ಲಿ ಹೊರಳಾಡಿ ಜಡ್ಡುಗಟ್ಟುವುದೂ ಇದೆ. 80ರಿಂದ 85 ಡಿಗ್ರಿಯಲ್ಲಿ ಈ ಹಾನಿ ಗಣನೀಯವಾಗಿ ಕಡಿಮೆಯಾಗುತ್ತದೆ. ಲೈಪೊಸೋಮ್ ಇಲ್ಲದೆ ಅದೇ ಬಿಸಿಯಲ್ಲಿ ನಿಂತರೆ ಬಣ್ಣ ಪೂರ್ತಿ ಏರುವುದಿಲ್ಲ, ಹಂಡೆಯಲ್ಲೇ ಉಳಿಯುತ್ತದೆ. ಲೈಪೊಸೋಮ್ ಹಾಕಿ ಮತ್ತೆ ಕುದಿಸುವುದಂತೂ ದಂಡ: ಆ ಬಿಸಿಗೆ ಗುಳ್ಳೆಗಳ ರಚನೆ ಕೆಡುತ್ತದೆ, ಅವು ಇಲ್ಲದೆಯೂ ಕುದಿನೀರಿನಲ್ಲಿ ಬಣ್ಣ ಏರುತ್ತಿತ್ತು.

ಪ್ರಮಾಣದ ಬಗ್ಗೆಯೂ ಹಲವರು ಕೇಳಿದ್ದಾರೆ. ಉಣ್ಣೆಯ ಒಣತೂಕದ ಶೇಕಡಾ 1ರ ಆಸುಪಾಸು ಆರಂಭಕ್ಕೆ ಸಾಕು, ಅಂದರೆ 10 ಕಿಲೋ ಉಣ್ಣೆಗೆ 100 ಗ್ರಾಂ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಎಣಿಕೆ ಇಲ್ಲಿ ನಡೆಯದು; ಮಿತಿ ಮೀರಿದರೆ ಗುಳ್ಳೆಗಳೇ ಬಣ್ಣವನ್ನು ಹಿಡಿದುಕೊಂಡು ಉಣ್ಣೆಗೆ ಬಿಡುವುದಿಲ್ಲ.

ಪ್ರಶ್ನೆ: ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆತನ. ನಮ್ಮ ಕುರಿಗಳ ಉಣ್ಣೆಗೆ ಈ ವಿಧಾನದಿಂದ ಕೆಂಪು, ನೀಲಿ ಬಣ್ಣ ಹಾಕಿ ಹೊಸ ನಮೂನೆಯ ಕಂಬಳಿ ಮಾಡಬಹುದೇ?
— ಕಂಬಳಿ ನೇಕಾರರು, ಸುರಪುರ

ಉತ್ತರ: ನಿಮ್ಮ ಭಾಗದ ಡೆಕ್ಕನಿ ಕುರಿಯ ಉಣ್ಣೆಯಲ್ಲಿ ಹೆಚ್ಚಿನ ಪಾಲು ಕಪ್ಪು. ಕಪ್ಪು ಉಣ್ಣೆಗೆ ಯಾವ ವಿಧಾನದಿಂದ ಯಾವ ಬಣ್ಣ ಹಾಕಿದರೂ ಅದು ಕಾಣುವುದಿಲ್ಲ. ಅದನ್ನು ಬಿಳಿಚಿಸಿ ಬಣ್ಣ ಹಾಕುವವರಿದ್ದಾರೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಬಿಳಿಚುವಾಗ ಎಳೆಗೆ ಆಗುವ ಪೆಟ್ಟು ಲೈಪೊಸೋಮ್ ಉಳಿಸಿಕೊಡುವುದಕ್ಕಿಂತ ಎಷ್ಟೋ ಹೆಚ್ಚು. ಕಪ್ಪನ್ನು ಕಪ್ಪಾಗಿಯೇ ನೇಯಿರಿ, ಅದರ ಬೆಲೆ ಅದರ ಸಹಜ ಬಣ್ಣದಲ್ಲೇ ಇದೆ. ಕತ್ತರಿಸುವಾಗಲೇ ಬಿಳಿ ಮತ್ತು ಬೂದು ಉಣ್ಣೆಯನ್ನು ಬೇರೆ ಮಾಡಿಟ್ಟುಕೊಂಡು, ಅದರ ನೂಲಿಗೆ ಬಣ್ಣ ಹಾಕಿ ಅಂಚಿಗೂ ಪಟ್ಟೆಗೂ ಬಳಸಬಹುದು.

ಬಿಳಿ ಉಣ್ಣೆಯಲ್ಲೂ ಎರಡು ತೊಡಕುಗಳಿವೆ. ಈ ಉಣ್ಣೆ ಒರಟು; ಅದರಲ್ಲಿ ನಡುವೆ ಟೊಳ್ಳು ತಿರುಳಿರುವ ಎಳೆಗಳು ಬಹಳ. ಟೊಳ್ಳಿನೊಳಗಿನ ಗಾಳಿ ಬೆಳಕನ್ನು ಚದುರಿಸುವುದರಿಂದ, ಪಕ್ಕದ ಎಳೆಯಷ್ಟೇ ಬಣ್ಣ ಕುಡಿದಿದ್ದರೂ ಅವು ಮಂಕಾಗಿ ಕಾಣುತ್ತವೆ. ಬಣ್ಣ ಹಾಕಿದ ಲಡಿಯನ್ನು ಬಿಸಿಲಿಗೆ ಹಿಡಿದು ಬಿಡಿಸಿದರೆ ಗಾಢ ಕೆಂಪಿನ ನಡುವೆ ಸುಣ್ಣ ಬಳಿದಂಥ ದಪ್ಪ, ಬಿರುಸು ಕೂದಲು ಅಲ್ಲಲ್ಲಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಇದು ಬಣ್ಣಗಾರನ ತಪ್ಪಲ್ಲ, ಇದಕ್ಕೆ ಲೈಪೊಸೋಮ್ ಪರಿಹಾರವೂ ಅಲ್ಲ. ನೂಲುವ ಮೊದಲು ಆ ಕೂದಲನ್ನು ಆರಿಸಿ ತೆಗೆಯುವುದೊಂದೇ ದಾರಿ. ಎರಡನೆಯ ತೊಡಕಿಗೆ ಮಾತ್ರ ಇದರಿಂದ ಸಹಾಯವಿದೆ. ವರ್ಷವಿಡೀ ಬಯಲಲ್ಲಿ ಮೇಯುವ ಕುರಿಯ ಉಣ್ಣೆಯ ತುದಿ ಬಿಸಿಲಿಗೆ ಸವೆದಿರುತ್ತದೆ, ಬುಡ ಹಾಗೇ ಉಳಿದಿರುತ್ತದೆ. ತುದಿ ಒಂದು ಬಗೆಯಲ್ಲಿ, ಬುಡ ಇನ್ನೊಂದು ಬಗೆಯಲ್ಲಿ ಬಣ್ಣ ಎಳೆದುಕೊಂಡು ಲಡಿ ಚುಕ್ಕೆಚುಕ್ಕೆಯಾಗುತ್ತದೆ. ಬಣ್ಣ ಏರುವ ವೇಗವನ್ನು ಆರಂಭದಲ್ಲಿ ತಡೆದು ಹಿಡಿಯುವ ಲೈಪೊಸೋಮ್ ಈ ವ್ಯತ್ಯಾಸವನ್ನು ತಗ್ಗಿಸುತ್ತದೆ.

ತೊಳೆಯುವ ಹಂತವನ್ನು ಹಗುರವಾಗಿ ಕಾಣಬೇಡಿ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿದ್ದರೆ ಅದು ಪೂರ್ತಿ ಹೋಗದ ಹೊರತು ಬಣ್ಣ ಸಮನಾಗಿ ಕೂರುವುದಿಲ್ಲ, ಆದ್ದರಿಂದ ಸರಿ ಹಚ್ಚುವ ಮೊದಲೇ ಲಡಿಗೆ ಬಣ್ಣ ಹಾಕುವುದು ಮೇಲು. ಉಣ್ಣೆಯ ಜಿಡ್ಡನ್ನು 45ರಿಂದ 50 ಡಿಗ್ರಿಯ ನೀರಿನಲ್ಲಿ ಸೋಪಿನಿಂದ ತೆಗೆಯಿರಿ, ಆದರೆ ಆ ಸೋಪು ಒಂದಿಷ್ಟೂ ಉಳಿಯದಂತೆ ಮತ್ತೆ ಮತ್ತೆ ಜಾಲಿಸಿ. ಸೋಪು ಮತ್ತು ಡಿಟರ್ಜೆಂಟ್‌ಗಳು ಲೈಪೊಸೋಮಿನ ಗೋಡೆಯನ್ನು ಕರಗಿಸಿಬಿಡುತ್ತವೆ. ಹಂಡೆಗೆ ಲೈಪೊಸೋಮ್ ಹಾಕಿಯೂ ಗುಣ ಕಾಣಲಿಲ್ಲ ಎಂದು ಬರೆದಿರುವ ಓದುಗರು ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ. ಬಣ್ಣ ಸಮನಾಗಲೆಂದು ಅಂಗಡಿಯಲ್ಲಿ ಸಿಗುವ ಇತರ ದ್ರವಗಳನ್ನು ಜೊತೆಗೆ ಸುರಿಯುವುದೂ ಇದೇ ಕಾರಣಕ್ಕೆ ತಪ್ಪು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಸೋಯಾಬೀನ್ ಬೆಳೆ ಹೇರಳವಾಗಿದೆ. ಸೋಯಾದಿಂದ ಸಿಗುವ ಲೆಸಿಥಿನ್‌ನಿಂದ ಲೈಪೊಸೋಮ್ ಆಗುತ್ತದೆಯಂತೆ. ಇದನ್ನು ನಾವೇ ತಯಾರಿಸಿಕೊಳ್ಳಬಹುದೇ?
— ರೈತ ಉತ್ಪಾದಕರ ಗುಂಪಿನ ಸದಸ್ಯರು, ಭಾಲ್ಕಿ

ಉತ್ತರ: ಲೆಸಿಥಿನ್ ಸೋಯಾ ಎಣ್ಣೆಯನ್ನು ಶುದ್ಧಗೊಳಿಸುವಾಗ ಸಿಗುವ, ಫಾಸ್ಫೋಲಿಪಿಡ್‌ಗಳೇ ಹೆಚ್ಚಾಗಿರುವ ಉಪಉತ್ಪನ್ನ. ಹಸಿ ಎಣ್ಣೆಗೆ ಸ್ವಲ್ಪ ನೀರು ಸೇರಿಸಿ ಬಿಸಿ ಮಾಡಿ ಕಲಕಿದಾಗ ಅಂಟಾಗಿ ಬೇರ್ಪಡುವ ಭಾಗವೇ ಅದರ ಮೂಲ. ಆದ್ದರಿಂದ ಅದು ಸಿಗುವುದು ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ, ಹೊಲದಲ್ಲೂ ಗಾಣದಲ್ಲೂ ಅಲ್ಲ. ಬೆಳೆ ನಿಮ್ಮದಾದರೂ ಲೆಸಿಥಿನ್ ಅನ್ನು ಕೊಂಡೇ ತರಬೇಕಾಗುತ್ತದೆ. ಜೇನಿನಂತೆ ಸುರಿಯುವ ಕಚ್ಚಾ ಲೆಸಿಥಿನ್‌ನಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಎಣ್ಣೆಯೇ ಇರುತ್ತದೆ, ಅದು ಉಣ್ಣೆಗೆ ಜಿಡ್ಡು ಹಿಡಿಸುತ್ತದೆ. ಎಣ್ಣೆ ತೆಗೆದ ಪುಡಿ ಅಥವಾ ಹರಳಿನ ರೂಪದ ಲೆಸಿಥಿನ್ ಕೇಳಿ ತನ್ನಿ.

ಪ್ರಯೋಗಾಲಯದಲ್ಲಿ ಫಾಸ್ಫೋಲಿಪಿಡ್ ಅನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ದ್ರಾವಕವನ್ನು ಆವಿಯಾಗಿಸಿ, ಉಳಿದ ತೆಳುಪದರಕ್ಕೆ ನೀರು ಹಾಕಿ ಗುಳ್ಳೆ ಮಾಡುತ್ತಾರೆ. ಇದನ್ನು ಮನೆಯಲ್ಲಾಗಲಿ ಶೆಡ್ಡಿನಲ್ಲಾಗಲಿ ಮಾಡಲೇಬಾರದು. ಬಣ್ಣದ ಕೆಲಸಕ್ಕೆ ಅಷ್ಟು ಶುದ್ಧತೆಯೂ ಬೇಕಿಲ್ಲ. ಸೋಯಾ ಫಾಸ್ಫೋಲಿಪಿಡ್‌ನ ಬಾಲಗಳು ಸೊನ್ನೆ ಡಿಗ್ರಿಗಿಂತ ಕೆಳಗಿನ ಉಷ್ಣಾಂಶದಲ್ಲೂ ಸಡಿಲವಾಗಿಯೇ ಇರುವುದರಿಂದ, 40ರಿಂದ 50 ಡಿಗ್ರಿಯ ಮೆದು (ಸುಣ್ಣದಂಶ ಕಡಿಮೆಯಿರುವ) ನೀರಿನಲ್ಲಿ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಒಂದೆರಡು ಗಂಟೆ ನೆನೆಯಲು ಬಿಟ್ಟು, ವೇಗದ ಕಲಕುಯಂತ್ರದಿಂದ ಚೆನ್ನಾಗಿ ಕಲಕಿದರೆ ಹಲವು ಪದರಗಳ ಗುಳ್ಳೆಗಳು ತಾವಾಗಿಯೇ ಆಗುತ್ತವೆ. ಗಂಟು ಉಳಿಯದ ಹಾಲಿನಂಥ ದ್ರವ ಸಿದ್ಧವಾಗಬೇಕು. ಮೇಲೆ ಎಣ್ಣೆ ತೇಲಿದರೆ ಸರಕು ಕಳಪೆಯೆಂದು ತಿಳಿಯಿರಿ. ಹೀಗೆ ಮಾಡಿದ ಗುಳ್ಳೆಗಳ ಗಾತ್ರ ಒಂದೇ ಸಮ ಇರುವುದಿಲ್ಲ. ಒಂದು ಹಂಡೆಯ ಫಲಿತಾಂಶ ಮತ್ತೊಂದರಲ್ಲಿ ಹಾಗೆಯೇ ಬರಬೇಕೆನ್ನುವ ದೊಡ್ಡ ಘಟಕದವರು ಬಣ್ಣಗಾರಿಕೆಗೆಂದೇ ಸಿದ್ಧಪಡಿಸಿದ ಲೈಪೊಸೋಮ್ ಕೊಳ್ಳುವುದು ಒಳಿತು.

ಕಲಕಿದ ದ್ರವವನ್ನು ಅಂದಿನದನ್ನು ಅಂದೇ ಬಳಸಿ. ಬೇಸಿಗೆಯಲ್ಲಿ ನಮ್ಮ ಕಡೆ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ; ಸೋಯಾ ಕೊಬ್ಬು ಗಾಳಿ ಮತ್ತು ಬಿಸಿಗೆ ಬೇಗ ಕಮಟು ಹಿಡಿಯುತ್ತದೆ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಬೆಳಕಿಗೆ ಮರೆಯಾಗಿ, ತಂಪಾದ ಕಡೆ ಇಡಿ. ದ್ರವವನ್ನು ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಗುಳ್ಳೆಗಳು ಒಡೆಯುತ್ತವೆ.

ಪ್ರಶ್ನೆ: ನಮ್ಮಲ್ಲಿ ಬೋರ್‌ವೆಲ್ ನೀರೇ ಗತಿ, ಪಾತ್ರೆಗಳಿಗೆ ಬಿಳಿ ಪೊರೆ ಕಟ್ಟುತ್ತದೆ. ಇಂಥ ನೀರಿನಲ್ಲಿ ಈ ವಿಧಾನ ನಡೆಯುತ್ತದೆಯೇ?
— ಸ್ವಸಹಾಯ ಸಂಘದ ಕಾರ್ಯದರ್ಶಿ, ಶಹಾಬಾದ್

ಉತ್ತರ: ನಿಮ್ಮ ಊರಿನ ನೆಲವೇ ಸುಣ್ಣಕಲ್ಲು, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಆ ಕಾರಣಕ್ಕೇ. ಅದರೊಳಗಿಂದ ಬರುವ ನೀರು ಕ್ಯಾಲ್ಸಿಯಂ ಹೊತ್ತು ತರುತ್ತದೆ. ಲೆಸಿಥಿನ್‌ನಲ್ಲಿ ಋಣ ವಿದ್ಯುದಂಶವಿರುವ ಕೆಲವು ಕೊಬ್ಬುಗಳಿವೆ. ಕ್ಯಾಲ್ಸಿಯಂ ಅವಕ್ಕೆ ಅಂಟಿ ಗುಳ್ಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್ ಬಣ್ಣ ಏರಲೆಂದು ನೀವು ಹಾಕಿದ ಅಸಿಟಿಕ್ ಆಮ್ಲದ ಒಂದು ಭಾಗವನ್ನು ತಿಂದುಹಾಕುತ್ತದೆ, ಹಾಗಾಗಿ ಅಳತೆಯ ಪ್ರಕಾರವೇ ಆಮ್ಲ ಹಾಕಿದ್ದರೂ ಹಂಡೆಯ ಪಿಎಚ್ ಮೇಲೆಯೇ ಉಳಿಯುತ್ತದೆ. ಆಮ್ಲ ಹಾಕಿದ ಮೇಲೆ ಪಿಎಚ್ ಕಾಗದದಿಂದ ನೋಡಿ, 4.5ರಿಂದ 5.5ರ ನಡುವೆ ತನ್ನಿ.

ಲೈಪೊಸೋಮ್ ದ್ರವ ಮಾಡಲು ಬೇಕಾದ ನೀರು ಸ್ವಲ್ಪವೇ ಆದ್ದರಿಂದ ಅದಕ್ಕೆ ಆರ್‌ಒ ಘಟಕದ ನೀರು ತರಬಹುದು. ಹಂಡೆಗೆ ಮಳೆನೀರಿನ ಸಂಗ್ರಹವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನೀರನ್ನು ಮೊದಲೇ ಕುದಿಸಿ ಆರಿಸಿ ತಿಳಿಯನ್ನು ಬಸಿದುಕೊಂಡರೆ ಗಡಸುತನದ ಒಂದು ಪಾಲು ಇಳಿಯುತ್ತದೆ ನಿಜ, ಆದರೆ ಇಂಧನ ಉಳಿಸಲು ಹೊರಟವರು ಎರಡು ಸಲ ಒಲೆ ಉರಿಸಿದಂತಾಗುತ್ತದೆ. ಕ್ಯಾಲ್ಸಿಯಂ ಹಿಡಿಯಲು ಇಡಿಟಿಎ ಬಳಸುವವರು ಲೋಹಸಂಕೀರ್ಣ ಬಣ್ಣಗಳ (ಅಣುವಿನಲ್ಲೇ ಲೋಹ ಕೂಡಿಕೊಂಡಿರುವ ಬಣ್ಣಗಳ) ವಿಷಯದಲ್ಲಿ ಎಚ್ಚರವಾಗಿರಬೇಕು, ಕೆಲವು ಬಣ್ಣಗಳಿಂದ ಅದು ಲೋಹವನ್ನೇ ಕಿತ್ತುಕೊಂಡು ಛಾಯೆ ಬದಲಿಸುತ್ತದೆ. ನನ್ನನ್ನು ಕೇಳಿದರೆ, ನಿಮ್ಮ ಸಂಘದ ಕೈಯಲ್ಲಿರುವ ಹಣದಲ್ಲಿ ಮೊದಲು ನೀರು ಮೆದುಗೊಳಿಸುವ ಸಾಧನ ಮತ್ತು ಒಂದು ಒಳ್ಳೆಯ ಥರ್ಮಾಮೀಟರ್ ಕೊಳ್ಳಿ; ಲೈಪೊಸೋಮ್ ಅದರ ನಂತರದ ಮಾತು.

ಪ್ರಶ್ನೆ: ಹತ್ತಿ ನೂಲಿಗೂ ಇದನ್ನು ಬಳಸಬಹುದೇ?
— ಓದುಗರು, ಗುರುಮಠಕಲ್

ಉತ್ತರ: ಮೇಲೆ ಹೇಳಿದ ಗುಣವೆಲ್ಲ ಉಣ್ಣೆಯ ಒಳಸಂದಿನ ಕೊಬ್ಬನ್ನು ಅವಲಂಬಿಸಿದ್ದು. ಹತ್ತಿಯಲ್ಲಿ ಅಂಥ ಸಂದುಪದರವಿಲ್ಲ. ಅದಕ್ಕೆ ಹತ್ತಿಯದೇ ಬಣ್ಣಗಳೂ ಕ್ರಮಗಳೂ ಇವೆ.

ಪ್ರಶ್ನೆ: ಯಾವ ಬಗೆಯ ಬಣ್ಣಗಳು ಇದಕ್ಕೆ ಹೊಂದುತ್ತವೆ? ಮಂಜಿಷ್ಠದಂಥ ಗಿಡಮೂಲದ ಬಣ್ಣಕ್ಕೂ ನಡೆಯುತ್ತದೆಯೇ?
— ಕರಕುಶಲ ತರಬೇತಿ ಪಡೆಯುತ್ತಿರುವವರು, ಬೀದರ್

ಉತ್ತರ: ಫಾಸ್ಫೋಲಿಪಿಡ್‌ಗಳು ಪಿಎಚ್ 6.5ರ ಹತ್ತಿರ ಹೆಚ್ಚು ಬಾಳುತ್ತವೆ, ಆಮ್ಲ ಖಾರವಾದಷ್ಟೂ ಬೇಗ ಒಡೆಯುತ್ತವೆ. ಆದ್ದರಿಂದ ಗಂಧಕಾಮ್ಲ ಹಾಕಿ ಪಿಎಚ್ 2ರಿಂದ 3ರಲ್ಲಿ ಏರಿಸುವ ಆಮ್ಲ ಬಣ್ಣಗಳಿಗಿಂತ, ಅಸಿಟಿಕ್ ಆಮ್ಲದ ಸೌಮ್ಯ ಹಂಡೆಯಲ್ಲಿ ಏರುವ ಮಿಲ್ಲಿಂಗ್ ಬಣ್ಣಗಳು (ಒಗೆತಕ್ಕೆ ಗಟ್ಟಿಯಾಗಿ ನಿಲ್ಲುವ ಬಗೆಯ ಆಮ್ಲ ಬಣ್ಣಗಳು) ಮತ್ತು 1:2 ಲೋಹಸಂಕೀರ್ಣ ಬಣ್ಣಗಳು (ಒಂದು ಲೋಹದ ಪರಮಾಣುವಿಗೆ ಎರಡು ಬಣ್ಣದ ಅಣುಗಳಿರುವವು) ಹೆಚ್ಚು ಹೊಂದುತ್ತವೆ. ಉಣ್ಣೆ ಮತ್ತು ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ನೀರಿಗೆ ಕರಗದ ಡಿಸ್ಪರ್ಸ್ ಬಣ್ಣಗಳನ್ನು ಚದುರಿಸಿ ಹಿಡಿಯಲೂ ಲೈಪೊಸೋಮ್ ಪ್ರಯೋಗಿಸಿದ್ದಾರೆ. ಮಂಜಿಷ್ಠದ ಹತ್ತಿರದ ಬಂಧುವಾದ ಮ್ಯಾಡರ್ ಬೇರಿನ ಕೆಂಪಿನೊಂದಿಗೆ ಇರಾನ್‌ನಲ್ಲಿ ಪ್ರಯೋಗಗಳು ನಡೆದಿವೆ. ಅಲ್ಲಿನ ರತ್ನಗಂಬಳಿಗಳಿಗೆ ಆ ಬೇರು ಬೇಕಾದದ್ದೇ. ನೀವು ಪ್ರಯತ್ನಿಸುವುದಾದರೆ ಬಣ್ಣ ಹಿಡಿಸಲು ಕೊಡುವ ಪಟಿಕದ ಹದವನ್ನು ಬೇರೆ ಹಂಡೆಯಲ್ಲಿ ಮುಗಿಸಿ, ಉಣ್ಣೆಯನ್ನು ಚೆನ್ನಾಗಿ ಜಾಲಿಸಿ, ಆಮೇಲೆ ಬಣ್ಣದ ಹಂಡೆಗೆ ಲೈಪೊಸೋಮ್ ಸೇರಿಸಿ. ಪಟಿಕದ ಅಲ್ಯೂಮಿನಿಯಂ ಹಂಡೆಯಲ್ಲೇ ಉಳಿದರೆ ಕ್ಯಾಲ್ಸಿಯಂ ಮಾಡುವ ಕಿತಾಪತಿಯನ್ನೇ ಅದೂ ಮಾಡುತ್ತದೆ.

ಪ್ರಶ್ನೆ: ಲೈಪೊಸೋಮ್ ಬಳಸಿದರೆ ಹೊರಬಿಡುವ ನೀರಿನಿಂದ ತೊಂದರೆಯಿಲ್ಲ ಎನ್ನುತ್ತಾರೆ. ನಿಜವೇ?
— ಓದುಗರು, ಹುಮನಾಬಾದ್

ಉತ್ತರ: ಅರ್ಧ ನಿಜ. ಲೆಸಿಥಿನ್ ಆಹಾರದಲ್ಲೂ ಬಳಸುವ ವಸ್ತು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಅರಗಿಸುತ್ತವೆ. ಬಣ್ಣ ಹೆಚ್ಚು ಉಣ್ಣೆಗೆ ಏರಿದಷ್ಟೂ ಚರಂಡಿಗೆ ಹೋಗುವುದು ಕಡಿಮೆ. ಆದರೆ ಸೂಕ್ಷ್ಮಜೀವಿಗಳು ಅದನ್ನು ಅರಗಿಸುವಾಗ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ, ಅದರಲ್ಲಿ ರಂಜಕವೂ ಇದೆ: ಲೆಸಿಥಿನ್‌ನ ಮುಖ್ಯ ಫಾಸ್ಫೋಲಿಪಿಡ್ ಆದ ಫಾಸ್ಫಟಿಡೈಲ್ ಕೋಲಿನ್ ಶುದ್ಧವಾಗಿದ್ದರೆ ಅದರ 100 ಗ್ರಾಂನಲ್ಲಿ ಸುಮಾರು 4 ಗ್ರಾಂ. ಒಂದು ಹಂಡೆಗೆ ಇದು ಅಲ್ಪ. ಕಾರಂಜಾದಂಥ ಜಲಾಶಯಕ್ಕೆ ಹರಿಯುವ ಹಳ್ಳದ ದಂಡೆಯಲ್ಲಿ ದಿನವೂ ಹಲವು ಹಂಡೆ ಚೆಲ್ಲಿದರೆ ಅಲ್ಪವಲ್ಲ. ಉಳಿದ ಬಣ್ಣ, ಲೋಹಸಂಕೀರ್ಣ ಬಣ್ಣಗಳಲ್ಲಿರುವ ಕ್ರೋಮಿಯಂ ಅಥವಾ ಕೋಬಾಲ್ಟ್, ಇವುಗಳ ಮೇಲೆ ಲೈಪೊಸೋಮಿನ ಯಾವ ಪ್ರಭಾವವೂ ಇಲ್ಲ. ಸಂಸ್ಕರಿಸದೆ ಬಿಡುವುದು ಮೊದಲಿನಂತೆಯೇ ತಪ್ಪು.

ಪ್ರಶ್ನೆ: ಕಡಿಮೆ ಬಿಸಿಯಲ್ಲಿ ಹಾಕಿದ ಬಣ್ಣ ಮೇಲ್ಮೇಲೆ ಕೂತು ಆಮೇಲೆ ಬಿಡುವುದಿಲ್ಲವೇ? ಪರೀಕ್ಷಿಸುವುದು ಹೇಗೆ?
— ಉಣ್ಣೆ ಸಹಕಾರ ಸಂಘದ ಸದಸ್ಯರು, ಶಹಾಪುರ

ಉತ್ತರ: ಈ ಅನುಮಾನ ಯೋಗ್ಯವಾದದ್ದು. ಬಣ್ಣ ಎಳೆಯ ಹೊರಸುತ್ತಿನಲ್ಲೇ ನಿಂತಿದ್ದರೆ ಲಡಿ ನೋಡಲು ಗಾಢವಾಗಿದ್ದೂ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ. ಒಂದೇ ಉಣ್ಣೆಯಿಂದ ಮೂರು ಚಿಕ್ಕ ಲಡಿಗಳನ್ನು ಮಾಡಿ, ಒಂದೇ ಬಣ್ಣವನ್ನು ಒಂದೇ ತೂಕದಲ್ಲಿ ಹಾಕಿ: ಒಂದನ್ನು ಲೈಪೊಸೋಮ್ ಸಹಿತ 85 ಡಿಗ್ರಿಯಲ್ಲಿ, ಇನ್ನೊಂದನ್ನು ಲೈಪೊಸೋಮ್ ಇಲ್ಲದೆ 85 ಡಿಗ್ರಿಯಲ್ಲಿ, ಮೂರನೆಯದನ್ನು ವಾಡಿಕೆಯಂತೆ ಕುದಿಸಿ. ಬಿಸಿಯನ್ನು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ, ಮೂರನ್ನೂ ತಂತಮ್ಮ ಬಿಸಿಯಲ್ಲಿ ಒಂದು ಗಂಟೆ ಇಡಿ. ತೆಗೆದ ಮೇಲೆ ಮೂರೂ ಹಂಡೆಗಳ ನೀರನ್ನು ಗಾಜಿನ ಲೋಟಗಳಿಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ ಯಾವುದರಲ್ಲಿ ಬಣ್ಣ ಉಳಿದಿದೆಯೆಂದು ಗೊತ್ತಾಗುತ್ತದೆ. ಲೈಪೊಸೋಮ್ ಇರುವ ನೀರು ತುಸು ಮಬ್ಬಾಗಿರುತ್ತದೆ, ಅದನ್ನು ಬಣ್ಣವೆಂದು ಭ್ರಮಿಸಬೇಡಿ.

ಲಡಿ ಒಣಗಿದ ಮೇಲೆ ನೂಲಿನ ಒಂದು ತುಂಡನ್ನು ಹೊಸ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಮಸೂರದಲ್ಲಿ ನೋಡಿ. ನೂಲಿನ ನಡುಭಾಗ ಬಿಳಿಚಿದ್ದರೆ ಬಣ್ಣ ನೂಲಿನ ಒಳಗಿನ ಎಳೆಗಳಿಗೇ ತಲುಪಿಲ್ಲ. ಒಂದೊಂದು ಎಳೆಯ ಒಳಭಾಗ ನೋಡಬೇಕಾದರೆ ಸೂಕ್ಷ್ಮದರ್ಶಕ ಬೇಕು. ಹತ್ತಿರದ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಕೇಳಿದರೆ ಸಾಕು. ಅದಾದ ಮೇಲೆ ಒದ್ದೆ ಬಿಳಿ ಹತ್ತಿಬಟ್ಟೆಯಿಂದ ಮೂರೂ ಲಡಿಗಳನ್ನು ಒಂದೇ ಒತ್ತಡದಲ್ಲಿ ಉಜ್ಜಿ, ಬಟ್ಟೆಗೆ ಹತ್ತಿದ ಬಣ್ಣ ಹೋಲಿಸಿ. ಲೈಪೊಸೋಮ್ ಹಾಕಿದ ಲಡಿ ಕುದಿಸಿದ ಲಡಿಗೆ ಸಮನಾಗಿ ನಿಂತರೆ ವಿಧಾನ ನಿಮ್ಮ ನೀರಿಗೆ, ನಿಮ್ಮ ಬಣ್ಣಕ್ಕೆ ಹೊಂದಿದೆ. ತಿಳಿ ಮತ್ತು ನಡುಮಟ್ಟದ ಛಾಯೆಗಳಲ್ಲಿ ಹೀಗೆ ನಿಲ್ಲುವುದು ಸುಲಭ. ಕಡುನೀಲಿ, ಕಪ್ಪಿನಂಥ ಗಾಢ ಛಾಯೆಗಳಲ್ಲಿ ಕೊರತೆ ಕಂಡರೆ 85 ಡಿಗ್ರಿಯಲ್ಲಿ ಇನ್ನೊಂದು ಅರ್ಧ ಗಂಟೆ ಇಟ್ಟು ನೋಡಿ, ಆಗಲೂ ಉಜ್ಜಿದ ಬಟ್ಟೆಗೆ ಬಣ್ಣ ಹತ್ತಿದರೆ ಆ ಛಾಯೆಯನ್ನು ಕುದಿಸಿಯೇ ಹಾಕಿ.